ನಡುವೆ ಇದೆ ಸಾರ್

ಅವರ ಹೆಸರು ಹಾಕುವುದು ಬೇಡ ಎಂದು ಅವರ ಪತ್ನಿ ಹೇಳಿದ್ದಾರೆ. ಹಾಕದಿದ್ದರೂ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಓಡಾಡುವ ಹತ್ತು ಜನಕ್ಕಾದರೂ ಗೊತ್ತಾಗುತ್ತದೆ. ವಿಮಾನದ ಸಾರ್ ಎಂದರೆ ನಮ್ಮ ಊರಿಗೆ ಒಬ್ಬರೇ. ಕಳೆದ ತಿಂಗಳು ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಎಪ್ಪತ್ತು ಆಗಿರಲಿಲ್ಲ.

ನಾನು ಟೈಲರ್. ಅವರ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗಿಂತ ಓದಿದವರು, ಅವರ ಜೊತೆ ರೈಲ್ವೆಯಲ್ಲಿ ಕೆಲಸ ಮಾಡಿದವರು ಇದ್ದಾರೆ. ನಾನು ಬರೆಯಬೇಕಾದದ್ದು ನನಗೆ ಮಾತ್ರ ಗೊತ್ತಿರುವುದು. ಕೊನೆಯ ಎರಡು ವರ್ಷ ಅವರು ತಮ್ಮ ಕಣ್ಣನ್ನೂ ಕೈಯನ್ನೂ ನಂಬದೆ ಬದುಕಿದರು. ಅವರ ಕಣ್ಣೂ ಕೈಯೂ ಸರಿಯಾಗಿಯೇ ಇದ್ದವು. ತಪ್ಪು ನನ್ನದು. ಅದನ್ನು ಅವರು ಬದುಕಿದ್ದಾಗ ಅವರಿಗೆ ಹೇಳಲಿಲ್ಲ.

ಮೊದಲ ಸಲ ಅವರು ಅಂಗಡಿಗೆ ಬಂದಾಗ ಕೈಯಲ್ಲಿ ಬಟ್ಟೆ ಇರಲಿಲ್ಲ. ಗೋಡೆಯ ಪಕ್ಕ ಇಟ್ಟಿದ್ದ ಇಸ್ತ್ರಿ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಇದರಲ್ಲಿ ಹಗುರವಾದ್ದು ಯಾವುದು?"

"ಪ್ಯಾಂಟು ಕೊಡಿ ಸಾರ್, ನಾನೇ ಮಾಡ್ಕೊಡ್ತೀನಿ."

"ಪ್ಯಾಂಟಲ್ಲ ಕಣಯ್ಯ, ರೆಕ್ಕೆ."

ನಾನು ಕೋಳಿ ರೆಕ್ಕೆ ಅಂದುಕೊಂಡೆ. ಮರುದಿನ ಸ್ಕೂಟರಿನ ಹಿಂದೆ ಹಗ್ಗ ಕಟ್ಟಿ ತಂದದ್ದು ಒಂದು ಮಾರು ಉದ್ದದ ರೆಕ್ಕೆ. ಬಾಲ್ಸಾ ಎಂಬ ಹಗುರ ಮರದ ಸೀಳುಗಳ ಹಂದರ. ಅದರ ಮೇಲೆ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಇಸ್ತ್ರಿ ಆಡಿಸಿದರೆ ಹಾಳೆ ಕುಗ್ಗಿ, ತಮಟೆಯ ಚರ್ಮದ ಹಾಗೆ ಬಿಗಿಯುತ್ತದೆ. ಅವರಿಗೆ ಇಸ್ತ್ರಿ ಹಿಡಿದು ಅಭ್ಯಾಸವಿರಲಿಲ್ಲ. ಎರಡು ಕಡೆ ಹಾಳೆ ಸುಟ್ಟು ತೂತಾಗಿತ್ತು. ನಾನು ಮಾಡಿ ಕೊಟ್ಟೆ. ಒಂದು ಸುಕ್ಕಿರಲಿಲ್ಲ. ಬೆಳಕಿಗೆ ಹಿಡಿದು ನೋಡಿ, "ನೀನು ಇಷ್ಟು ದಿನ ಬ್ಲೌಸ್ ಹೊಲ್ಕೊಂಡು ಕಾಲ ಹಾಳು ಮಾಡ್ದೆಯಲ್ಲಯ್ಯ" ಎಂದರು. ನನ್ನ ಕೆಲಸವನ್ನು ಯಾರೂ ಹಾಗೆ ಬೆಳಕಿಗೆ ಹಿಡಿದು ನೋಡಿರಲಿಲ್ಲ. ಮುಂದಿನ ಭಾನುವಾರ ನಾನು ಅವರ ಸ್ಕೂಟರಿನ ಹಿಂದೆ ರೆಕ್ಕೆ ಹಿಡಿದು ಕೂತಿದ್ದೆ.

ಕಣಕಟ್ಟೆ ಕಡೆ ನೀರಿಲ್ಲದ ಒಂದು ಕೆರೆ ಅಂಗಳ ಅವರ ಮೈದಾನ. ಬೆಳಿಗ್ಗೆ ಗಾಳಿ ಏಳುವ ಮೊದಲು ಅಲ್ಲಿರಬೇಕು. ಹೋದ ಕೂಡಲೇ ಹಾರಿಸುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ವಿಮಾನವನ್ನು ಎತ್ತಿ, ಅದು ಮೂಗು ಬಗ್ಗಿಸುತ್ತದೋ ಬಾಲ ಬಗ್ಗಿಸುತ್ತದೋ ನೋಡಿದರು. ಆಮೇಲೆ ಮೋಟಾರು ಹಾಕದೆ ಹುಲ್ಲಿನ ಮೇಲೆ ಕೈಯಿಂದ ಎಸೆದರು. ಹೋಗಿ ತಂದರು. ಮತ್ತೆ ಎಸೆದರು. ಅರ್ಧ ಗಂಟೆ ಇದೇ ಆಯಿತು. ದಂಡೆಯ ಮೇಲೆ ಹಸು ಮೇಯಿಸುತ್ತಿದ್ದ ಗೌಡರೊಬ್ಬರಿಗೆ ತಡೆಯಲಾಗಲಿಲ್ಲ.

"ಏನ್ ಸ್ವಾಮಿ ಅದು, ಡ್ರೋನಾ? ತೆಂಗಿಗೆ ಔಷ್ದಿ ಹೊಡಿಯೋದಾ?"

"ಇದು ಏನೂ ಹೊಡಿಯಲ್ಲ ಗೌಡ್ರೇ, ಸುಮ್ನೆ ಹಾರುತ್ತೆ."

"ಸುಮ್ನೆ ಹಾರಾಕೆ ಅರಸೀಕೆರೆಯಿಂದ ಬಂದ್ರಾ? ಅದೂ ಹಾರಂಗೆ ಕಾಣಾಕಿಲ್ಲ, ಬರೀ ಬೀಳ್ತಾ ಐತೆ."

"ಸರಿಯಾಗಿ ಬೀಳೋದು ಕಲಿತ ಮೇಲೆ ಹಾರುತ್ತೆ" ಎಂದರು ಸಾರ್. ಗೌಡರು ಹಸುವಿನ ಕಡೆ ತಿರುಗಿ, "ಕೇಳ್ದೇನೇ" ಎಂದರು.

ಹಾರುವ ವಿಮಾನ ತಾನಾಗಿಯೇ ಎಡಕ್ಕೋ ಬಲಕ್ಕೋ ಎಳೆಯುತ್ತಿದ್ದರೆ ಅದನ್ನು ನೇರ ಮಾಡಲು ರಿಮೋಟಿನಲ್ಲಿ ಸಣ್ಣ ಸಣ್ಣ ಲಿವರ್‌ಗಳಿರುತ್ತವೆ. ಒಂದೊಂದು ಹಲ್ಲು ಸರಿದಾಗಲೂ ಹೆಬ್ಬೆರಳಿಗೆ ಟಿಕ್ ಎಂದು ತಿಳಿಯುತ್ತದೆ. ಇದಕ್ಕೆ ಟ್ರಿಮ್ ಮಾಡುವುದು ಎನ್ನುತ್ತಾರೆ. ಎಲ್ಲರೂ ಹಾಗೇ ಮಾಡುತ್ತಾರಂತೆ. ವಿಮಾನ ಎಡಕ್ಕೆ ವಾಲಿದರೆ ಬಲಕ್ಕೆ ನಾಲ್ಕು ಹಲ್ಲು, ಮುಗಿಯಿತು. ಅವರಿಗೆ ಅದು ಆಗದು. ಲಿವರ್ ಸರಿಸಬೇಕಾಗಿ ಬಂದರೆ ಕೂಡಲೇ ಇಳಿಸಿ, ಯಾಕೆ ಎಳೆಯಿತು ಎಂದು ಹುಡುಕಬೇಕು. ಬಾಲ ಸೊಟ್ಟಗಿದೆಯೇ? ಮೋಟಾರಿನ ಮುಖ ತಿರುಗಿದೆಯೇ? ಒಂದು ರೆಕ್ಕೆಗೆ ಅಂಟು ಹೆಚ್ಚಾಗಿ ಭಾರವಾಗಿದೆಯೇ? ಕಾರಣವನ್ನು ಸರಿಮಾಡಿ, ಲಿವರನ್ನು ನಡುವಿನ ಗೆರೆಗೆ ತಂದು ನಿಲ್ಲಿಸಿ, ಮತ್ತೆ ಹಾರಿಸಬೇಕು. ಲಿವರ್ ನಡುವೆ ಇದ್ದು ವಿಮಾನ ನೇರ ಹೋದರೆ ಮಾತ್ರ ಅವರ ಮುಖ ಸಡಿಲವಾಗುತ್ತಿತ್ತು.

ಇನ್ನೊಂದು ಹಟ, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಕಡೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲವಲ್ಲ. ಒಂದು ಸಲ ವಿಮಾನ ಎಡಕ್ಕೆ ಎಳೆಯುತ್ತಿತ್ತು. ಮೂಗಿಗೂ ಬಾಲಕ್ಕೂ ದಾರ ಕಟ್ಟಿ ನನ್ನ ಅಂಗಡಿಯ ಜಂತಿಗೆ ತೂಗುಹಾಕಿದರು. ಎಡ ರೆಕ್ಕೆ ಕೆಳಗೆ ಬಾಗಿತು. ಬಲ ರೆಕ್ಕೆಯ ತುದಿಗೆ ಒಂದು ಗುಂಡುಪಿನ್ನು ಚುಚ್ಚಿದರು, ಇನ್ನೊಂದು ಚುಚ್ಚಿದರು. ಐದನೆಯ ಪಿನ್ನಿಗೆ ವಿಮಾನ ತಕ್ಕಡಿಯ ಹಾಗೆ ಸಮನಾಗಿ ನಿಂತಿತು. ಬ್ಲೌಸ್ ಅಳತೆ ಕೊಡಲು ಬಂದಿದ್ದ ಹೆಂಗಸರಿಬ್ಬರು ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದರು.

ಈ ಒಂದು ಸಲಕ್ಕೆ ಒಂದೇ ಎಂಬುದನ್ನು ಅವರು ಅಡುಗೆಮನೆಗೂ ತೆಗೆದುಕೊಂಡು ಹೋಗಿದ್ದರು. ಸಾರು ರುಚಿಯಿಲ್ಲದಿದ್ದರೆ ಉಪ್ಪನ್ನೂ ಹುಳಿಯನ್ನೂ ಒಟ್ಟಿಗೆ ಹಾಕಬಾರದು, ಉಪ್ಪು ಹಾಕಿ ರುಚಿ ನೋಡಬೇಕು. ಅವರ ಪತ್ನಿ ನನ್ನೆದುರೇ ಹೇಳುತ್ತಿದ್ದರು: "ಇವರ ಲೆಕ್ಕದಲ್ಲಿ ಅಡುಗೆ ಮಾಡಿದ್ರೆ ನಮ್ಮ ಮದುವೆ ಊಟದ ಸಾರು ಇನ್ನೂ ಕುದೀತಿರ್ಬೇಕಿತ್ತು ಟೈಲರ್ರೇ."

"ಕುದ್ದಷ್ಟೂ ರುಚಿ" ಎನ್ನುತ್ತಿದ್ದರು ಅವರು.

ಪತ್ನಿಯ ಅಕ್ಕನ ಮನೆ ಹಳೇಬೀಡಿನಲ್ಲಿ. ತಿಂಗಳಿಗೊಮ್ಮೆ ಇಬ್ಬರೂ ಸ್ಕೂಟರಿನಲ್ಲಿ ಹೋಗಿ, ಮನಸ್ಸು ಬಂದರೆ ಬೇಲೂರಿಗೂ ಹೋಗಿ, ಸಂಜೆಗೆ ವಾಪಸು ಬರುತ್ತಿದ್ದರು. ಒಮ್ಮೆ ನಾನೂ ಬಸ್ಸಿನಲ್ಲಿ ಹೋಗಿದ್ದೆ. ದೇವಸ್ಥಾನದಲ್ಲಿ ಎಲ್ಲರೂ ಮೂರ್ತಿಗಳನ್ನು ನೋಡುತ್ತಿದ್ದರೆ ಅವರು ಜಗಲಿಯ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಕಂಬಗಳ ಸಾಲನ್ನು ನೋಡುತ್ತಿದ್ದರು. ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡರು. "ನೋಡು, ಒಂದಕ್ಕಾದ್ರೂ ಟ್ರಿಮ್ ಹಾಕಿದ್ದಾರಾ?" ಎಂದರು. ಅವರು ಯಾರನ್ನಾದರೂ ಅಷ್ಟು ಮನಸಾರೆ ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ರೈಲ್ವೆಯಲ್ಲಿ ಅವರದು ಸಿಗ್ನಲ್ ದುರಸ್ತಿಯ ಕೆಲಸ. ಅಲ್ಲಿಂದ ಬಂದದ್ದೋ ಏನೋ, ವಿಮಾನ ಬಿದ್ದರೆ ಅವರು ಬೈಯುತ್ತಿರಲಿಲ್ಲ. ನಾನು ಅದೆಷ್ಟೋ ಸಲ ಬೀಳಿಸಿದ್ದೇನೆ. ಒಮ್ಮೆ ಬಾಣಾವರದ ಹತ್ತಿರ ತೆಂಗಿನಮರದ ಸುಳಿಗೆ ಹೋಗಿ ಸಿಕ್ಕಿಸಿದ್ದೆ. ಬಿದ್ದಾಗ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಏನು ನೋಡಿದೆ, ಕೈ ಎಲ್ಲಿತ್ತು, ಲಿವರ್ ಎಲ್ಲಿತ್ತು ಎಂದು ಕೇಳುತ್ತಿದ್ದರು. ಕೇಳಿದ್ದಕ್ಕೆ ನಿಜ ಹೇಳಿದರೆ ಸಾಕು. "ಬಿದ್ದಿದ್ದು ತಪ್ಪಲ್ಲ ಕಣಯ್ಯ. ಯಾಕೆ ಬಿತ್ತು ಅಂತ ಗೊತ್ತಾಗದಂಗೆ ಬೀಳಬಾರದು." ಇಂಥ ಮನುಷ್ಯನಿಗೆ ನಾನು ಹೆದರಬೇಕಾದ ಕಾರಣವೇ ಇರಲಿಲ್ಲ. ಅದನ್ನು ನೆನೆದಾಗ ಹೆಚ್ಚು ನಾಚಿಕೆಯಾಗುತ್ತದೆ.

ಗೊತ್ತಿಲ್ಲದೆ ಮಾಡಿದೆ ಎನ್ನಲೂ ಆಗದು. ನಾನು ಹೊದಿಸಿದ ಎರಡನೆಯ ರೆಕ್ಕೆಯನ್ನು ಅವರು ನನ್ನ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ, ಒಂದು ಮೂಲೆ ಎದ್ದಿರುವುದನ್ನು ತೋರಿಸಿದ್ದರು. ಇಸ್ತ್ರಿ ಒಂದೇ ಬದಿಗೆ ಹೆಚ್ಚು ಆಡಿದರೆ ಆ ಬದಿಯ ಹಾಳೆ ಹೆಚ್ಚು ಕುಗ್ಗಿ, ಒಳಗಿನ ಮರವನ್ನೇ ತಿರುಚಿಬಿಡುತ್ತದೆ. ಸುಕ್ಕಿಲ್ಲದೆ ಹೊಳೆಯುವ ರೆಕ್ಕೆಯೂ ತಿರುಚಿರಬಹುದು. ಬಿಸಿ ಮಾಡಿ, ಎದುರು ದಿಕ್ಕಿಗೆ ತಿರುಚಿ, ತಣ್ಣಗಾಗುವವರೆಗೆ ಹಿಡಿದುಕೊಂಡರೆ ಸರಿಹೋಗುತ್ತದೆ. ಐದು ನಿಮಿಷದ ಕೆಲಸ.

"ಲಿವರ್ ಸರಿಸಿದ್ರೂ ನೇರ ಹೋಗುತ್ತಲ್ಲ ಸಾರ್?" ಎಂದು ನಾನು ಕೇಳಿದ್ದೆ.

"ಹೋಗುತ್ತೆ. ಹೊಲಿಗೆ ತಪ್ಪಿದ ಅಂಗಿಗೆ ಪಿನ್ನು ಹಾಕಿ ಕೊಟ್ಟಂಗೆ. ನಿಂತಾಗ ಚೆನ್ನಾಗಿರುತ್ತೆ, ಕೈ ಎತ್ತಿದಾಗ ಕಿತ್ಕೊಳ್ಳುತ್ತೆ. ವಿಮಾನ ಜೋರಾಗಿ ಹೋಗ್ತಿರೋವಾಗ ಲಿವರ್ ಸಮ ಮಾಡಿರುತ್ತೆ. ಇಳಿಸೋಕೆ ನಿಧಾನ ಮಾಡ್ತೀಯಲ್ಲ, ಆಗ ತಿರುಚಿದ ತುದಿ ಮೊದಲು ಗಾಳಿ ಬಿಟ್ಟುಬಿಡುತ್ತೆ. ನೆಲದ ಹತ್ರ ಬಂದು ಒಂದು ಕಡೆಗೆ ಉರುಳುತ್ತೆ. ಹಾರಿಸೋನಿಗೆ ಏನೂ ಮಾಡೋಕೆ ಟೈಮಿರಲ್ಲ."

ಇದನ್ನು ಅವರು ನನಗೆ ಇಷ್ಟು ಬಿಡಿಸಿ ಹೇಳಿದ್ದರು. ಟೈಲರನಿಗೆ ಟೈಲರನ ಮಾತಿನಲ್ಲೇ ಹೇಳಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಹಾಸನದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹೋಗುವ ಮೊದಲು ತಮ್ಮ ದೊಡ್ಡ ವಿಮಾನವನ್ನು ರಿಮೋಟಿನ ಸಮೇತ ನನ್ನ ಅಂಗಡಿಯಲ್ಲಿಟ್ಟು ಹೋದರು. ಹಳೆಯ ಹಾಳೆ ಅಲ್ಲಲ್ಲಿ ಹರಿದಿತ್ತು, ಹೊಸದಾಗಿ ಹಳದಿ ಹೊದಿಸಬೇಕಿತ್ತು. ಆಗ ಮದುವೆಯ ಕಾಲ, ಕೈತುಂಬ ಕೆಲಸ. ಬ್ಲೌಸುಗಳ ನಡುವೆ ಇಸ್ತ್ರಿ ಕಾದೇ ಇತ್ತು, ಅದರಲ್ಲೇ ಆಡಿಸಿದೆ. ಒಂದು ಸುಕ್ಕಿಲ್ಲದೆ ಬಂತು. ಮೇಜಿನ ಮೇಲೆ ಬಟ್ಟೆ ಹರಡಿತ್ತು. ಅದನ್ನು ತೆಗೆದು ರೆಕ್ಕೆ ಮಲಗಿಸಿ ನೋಡಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಬಹಳ ಚೆನ್ನಾಗಿ ಕಂಡಿತು.

ಆ ಭಾನುವಾರ ಬಾಣಾವರದಿಂದ ನನ್ನ ಭಾವಮೈದ ಬಂದಿದ್ದ. "ಭಾವ, ನೀವು ಬರೀ ಇಸ್ತ್ರಿ ಮಾಡೋದೋ, ಹಾರಿಸೋಕೂ ಕೊಡ್ತಾರೋ?" ಎಂದ. ತಾವು ಹೇಳಿದ ಮೇಲೆ ಮಾತ್ರ ನಾನು ಒಬ್ಬನೇ ಹಾರಿಸಬೇಕು ಎಂದು ಸಾರ್ ತಾಕೀತು ಮಾಡಿದ್ದರು, ಹಾಗೆ ಇನ್ನೂ ಹೇಳಿರಲಿಲ್ಲ. ಇಳಿಸುವಾಗ ಯಾವಾಗಲೂ ಪಕ್ಕದಲ್ಲಿರುತ್ತಿದ್ದರು. ನಾನು ಭಾವಮೈದನನ್ನು ಕೆರೆ ಅಂಗಳಕ್ಕೆ ಕರೆದುಕೊಂಡು ಹೋದೆ. ವಿಮಾನ ಏಳುತ್ತಲೇ ಬಲಕ್ಕೆ ವಾಲಿತು. ಹೆಬ್ಬೆರಳಿನಿಂದ ಲಿವರನ್ನು ಎಡಕ್ಕೆ ತಳ್ಳಿದೆ. ಎಂಟನೆಯ ಹಲ್ಲಿಗೆ ನೇರವಾಯಿತು. ಭಾವಮೈದ ಶಿಳ್ಳೆ ಹಾಕಿ ಫೋನಿನಲ್ಲಿ ತೆಗೆದುಕೊಂಡ. ಇಳಿಸುವಾಗ ನೆಲದಿಂದ ಇನ್ನೂ ಒಂದಾಳು ಎತ್ತರದಲ್ಲಿರುವಾಗ ಎಡ ರೆಕ್ಕೆ ತಟ್ಟನೆ ಜಗ್ಗಿ, ವಿಮಾನ ಹುಲ್ಲಿನಲ್ಲಿ ಉರುಳಿತು. ಏನೂ ಮುರಿಯಲಿಲ್ಲ. ಗಾಳಿ ಎಂದೆ ಭಾವಮೈದನಿಗೆ. ಗಾಳಿ ಇರಲಿಲ್ಲ.

ಹಾಸನದಿಂದ ಬಂದ ಮೇಲೆ ಅವರನ್ನು ನೋಡಲು ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ದೂರದ್ದು ಹೊಸದಾಗಿ ಕಾಣುತ್ತಿದೆ, ನೀರಿನ ಟ್ಯಾಂಕಿನ ಮೇಲಿನ ಕಾಗೆ ಎಣಿಸಬಹುದು, ಹತ್ತಿರದ್ದು ಮಾತ್ರ ಮಂಜು, ಓದುವ ಕನ್ನಡಕ ಇನ್ನೂ ಕೊಟ್ಟಿಲ್ಲ ಎಂದರು.

"ರೆಕ್ಕೆ ಏನಾಯ್ತು?"

"ಆಯ್ತು ಸಾರ್. ಒಂದು ಸುಕ್ಕಿಲ್ಲ."

"ಮೇಜಿನ ಮೇಲೆ ಮಲಗಿಸಿ ನೋಡಿದೆಯಾ?"

"ನೋಡ್ದೆ ಸಾರ್."

ನೋಡಿರಲಿಲ್ಲ ಎಂದರೆ, ಈಗ ನೋಡು ಎನ್ನುತ್ತಿದ್ದರು. ನೋಡಿದ್ದರೆ ತಿರುಚಿದ್ದು ಕಾಣುತ್ತಿತ್ತು. ಕಂಡಿದ್ದರೆ ಲಿವರ್ ಎಲ್ಲಿದೆ ಎಂಬ ಮಾತು ಬಂದು, ಭಾನುವಾರದ ವಿಷಯ ಹೊರಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಬೆಳಕಿಗೆ ಹಿಡಿದು ಮೆಚ್ಚಿದ ಕೈ ನನ್ನದು. ಆ ಕೈ ಕೆಡಿಸಿದೆ ಎಂದು ಹೇಳಲು ನನ್ನಿಂದಾಗಲಿಲ್ಲ. ಅಂಗಡಿಗೆ ಹೋಗಿ ಗುಟ್ಟಾಗಿ ಸರಿಮಾಡೋಣ ಎಂದುಕೊಂಡೆ. ಬ್ಲೌಸುಗಳಿದ್ದವು. ನಾಳೆ ಎಂದೆ. ಹಾಗೇ ಉಳಿಯಿತು.

ಜಾವಗಲ್ ಕಡೆಯ ಒಂದು ಶಾಲೆಯವರು ಮಕ್ಕಳಿಗೆ ವಿಮಾನ ತೋರಿಸಿ ಎಂದು ಅವರನ್ನು ಬಹಳ ದಿನದಿಂದ ಕೇಳುತ್ತಿದ್ದರು. ಡಾಕ್ಟರು ಅಡ್ಡಿಯಿಲ್ಲ ಎಂದ ಕೂಡಲೇ ಒಪ್ಪಿಕೊಂಡರು. ನನಗೆ ಹಿಂದಿನ ಸಂಜೆ ಹೇಳಿದರು. ಮಕ್ಕಳು ಮೈದಾನದ ಅಂಚಿನಲ್ಲಿ ಸಾಲಾಗಿ ಕೂತಿದ್ದರು. ಹೆಡ್‌ಮಾಸ್ಟರು ಶಾಲು ಹೊದಿಸಿದರು. ಅವರು ಮಕ್ಕಳಿಗೆ ರೆಕ್ಕೆ ಯಾಕೆ ಹಾಗಿದೆ, ಬಾಲ ಯಾಕೆ ಬೇಕು ಎಂದು ಸೊಗಸಾಗಿ ಹೇಳಿದರು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿದ್ದು ಕಡಿಮೆ. ಆಮೇಲೆ ರಿಮೋಟನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ನಕ್ಕುಬಿಟ್ಟರು.

"ಹತ್ರದ್ದು ಕಾಣಲ್ಲ ಕಣಯ್ಯ. ನೀನೇ ಹೇಳು. ಕೈಯಿಂದ ಎಸೆದು ನೋಡಿದೆಯಾ?"

"ನೋಡ್ದೆ ಸಾರ್."

"ಲಿವರ್?"

ಲಿವರ್ ಎಡಕ್ಕೆ ಎಂಟನೆಯ ಹಲ್ಲಿನಲ್ಲಿತ್ತು. ನಡುವೆ ತಂದರೆ ವಿಮಾನ ಎಲ್ಲರೆದುರು ಬಲಕ್ಕೆ ವಾಲುತ್ತದೆ. ನಿಜ ಹೇಳಿದರೆ ಹಾರಿಸುವುದೇ ನಿಲ್ಲುತ್ತದೆ, ಶಾಲು ಹೊದ್ದುಕೊಂಡು ವಾಪಸು ಹೋಗಬೇಕು. ಅಷ್ಟು ಯೋಚನೆ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು?

"ನಡುವೆ ಇದೆ ಸಾರ್" ಎಂದೆ.

ವಿಮಾನ ಚೆನ್ನಾಗಿ ಹಾರಿತು. ಎರಡು ಸುತ್ತು ಹಾಕಿಸಿ, ಒಮ್ಮೆ ಲಾಗ ಹೊಡೆಸಿದರು. ಮಕ್ಕಳು ಕೂಗಿದ ಕೂಗಿಗೆ ಆಚೆ ತೋಟದ ಹಕ್ಕಿಗಳೆಲ್ಲ ಎದ್ದವು. ಇಳಿಸಲು ನಿಧಾನ ಮಾಡಿದರು. ಮಕ್ಕಳ ಮುಂದೆ ಬರುವಾಗ ಎಡ ರೆಕ್ಕೆ ಜಗ್ಗಿತು. ಮೊದಲ ಸಾಲಿಗೆ ನಾಲ್ಕು ಮಾರು ದೂರದಲ್ಲಿ ವಿಮಾನ ನೆಲಕ್ಕೆ ಬಡಿದು, ರೆಕ್ಕೆ ಮೂರು ತುಂಡಾಯಿತು. ಯಾರಿಗೂ ತಾಗಲಿಲ್ಲ. ಆದರೆ ಒಂದು ಹುಡುಗಿ ಹೆದರಿ ಚೀರಿದ್ದು ನಿಲ್ಲಲೇ ಇಲ್ಲ. ಮಕ್ಕಳೆಲ್ಲ ಎದ್ದು ಹಿಂದಕ್ಕೆ ಓಡಿದರು.

ಅವರು ನಿಂತಲ್ಲೇ ನಿಂತಿದ್ದರು. "ಮೊದಲು ಹೋಗಿ ಬ್ಯಾಟರಿ ಬಿಚ್ಚು" ಎಂದು ರಿಮೋಟನ್ನೂ ನನ್ನ ಕೈಗೇ ಕೊಟ್ಟರು. ನಾನು ಅವರಿಗೆ ಬೆನ್ನು ಮಾಡಿ ನಡೆದೆ. ನಡೆಯುತ್ತಲೇ ನನ್ನ ಹೆಬ್ಬೆರಳು ಲಿವರನ್ನು ಬಲಕ್ಕೆ ತಳ್ಳಿತು. ಎಂಟು ಸಲ ಟಿಕ್ ಎಂದಿತು. ಹೆಬ್ಬೆರಳು ತಳ್ಳಿತು ಎಂದು ಬರೆದಿದ್ದೇನೆ, ಅದೂ ಸರಿಯಲ್ಲ. ನಾನು ತಳ್ಳಿದೆ.

ಅವರು ಬಂದರು. ಏನಾಯಿತು ಎಂದು ತಮಗೆ ತಾವೇ ಹೇಳಿಕೊಂಡರು: ಎಡಕ್ಕೆ ಜಗ್ಗಿತು, ಕೈ ನಡುವೆ ಇತ್ತು. "ಲಿವರ್ ಎಲ್ಲಿದೆ ನೋಡಿ ಹೇಳು."

"ನಡುವೆ ಇದೆ ಸಾರ್."

ಅವರಿಗೆ ಅಷ್ಟು ಸಾಲಲಿಲ್ಲ. ಹೆಡ್‌ಮಾಸ್ಟರನ್ನು ಕರೆದು, "ನೀವೂ ಒಂದ್ಸಲ ನೋಡಿ ಸ್ವಾಮಿ, ಇದು ಗೆರೆಗೆ ಸರಿಯಾಗಿ ನಿಂತಿದೆಯಾ?" ಎಂದು ತೋರಿಸಿದರು. ಹೆಡ್‌ಮಾಸ್ಟರು ಬಗ್ಗಿ ನೋಡಿ, "ಸರಿಯಾಗೇ ಇದೆಯಲ್ಲ" ಎಂದರು. ರೆಕ್ಕೆ ಚೂರಾಗಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ.

"ಹಾಗಾದ್ರೆ ನಾನೇ" ಎಂದರು. "ನಿಧಾನ ಮಾಡಿಬಿಟ್ಟೆ. ಕಣ್ಣಿಗೆ ವೇಗ ತಿಳೀಲಿಲ್ಲ."

ವಿಮಾನ ನೋಡಲು ಬಂದಿದ್ದ ಊರಿನವರಲ್ಲಿ ಒಬ್ಬ, "ವಯ್ಸಾದ್ ಮ್ಯಾಲೆ ಮನೇಲ್ ಕುಂತ್ಕಬೇಕು, ಮಕ್ಳ್ ತಲೆ ಮ್ಯಾಲೆ ಬಿದ್ದಿದ್ರೆ?" ಎಂದ. ಅವರು ತಿರುಗಿ ಅವನಿಗೆ ಕೈಮುಗಿದರು. ಆಮೇಲೆ ಹೆಡ್‌ಮಾಸ್ಟರಿಗೆ ಕೈಮುಗಿದರು. ಅಳುತ್ತಿದ್ದ ಹುಡುಗಿಯ ಮುಂದೆ ಕೂತು, "ತಪ್ಪಾಯ್ತು ಕಣಮ್ಮ, ಅಜ್ಜನಿಗೆ ಸರಿಯಾಗಿ ಕಾಣಲಿಲ್ಲ" ಎಂದರು. ನಾನು ಚೂರುಗಳನ್ನು ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ.

ಅವರು ಮತ್ತೆ ವಿಮಾನ ಹಾರಿಸಲಿಲ್ಲ. ವಿಮಾನ ಒಂದೇ ಆಗಿದ್ದರೆ ನಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆನೋ ಏನೋ. ಒಂದು ತಿಂಗಳಾಗುವಷ್ಟರಲ್ಲಿ ಸ್ಕೂಟರ್ ಓಡಿಸುವುದನ್ನೂ ಬಿಟ್ಟರು. ಹಳೇಬೀಡಿಗೆ ಬಸ್ಸಿನಲ್ಲಿ ಹೋಗತೊಡಗಿದರು, ಆಮೇಲೆ ಹೋಗುವುದೇ ಕಡಿಮೆಯಾಯಿತು. ಅಕ್ಕಪಕ್ಕದವರ ಮಿಕ್ಸಿ, ರೇಡಿಯೋ ರಿಪೇರಿ ಮಾಡಿಕೊಡುತ್ತಿದ್ದವರು, "ಬೇಡಪ್ಪ, ನನ್ನ ಕೈಯಲ್ಲಿ ಏನಾದ್ರೂ ಎಡವಟ್ಟಾದೀತು" ಎನ್ನತೊಡಗಿದರು. ರಸ್ತೆ ದಾಟುವಾಗ ಪತ್ನಿಯ ತೋಳು ಹಿಡಿಯುತ್ತಿದ್ದರು. ನೀರಿನ ಟ್ಯಾಂಕಿನ ಮೇಲಿನ ಕಾಗೆಗಳನ್ನು ಎಣಿಸುವ ಕಣ್ಣಿದ್ದ ಮನುಷ್ಯ.

ಒಮ್ಮೆ ಪ್ಯಾಂಟಿನ ಸೊಂಟ ಚಿಕ್ಕದು ಮಾಡಿಸಲು ಅಂಗಡಿಗೆ ಬಂದರು. ಸಣ್ಣಗಾಗಿದ್ದರು. ಟೇಪು ಸುತ್ತಿ ಅಳತೆ ತೆಗೆಯುತ್ತಿದ್ದಾಗ ನನ್ನ ತಲೆಯ ಮೇಲಿಂದ ಅವರ ಮಾತು ಕೇಳಿಸಿತು.

"ಕಣ್ಣು ಇನ್ನೊಂದ್ಸಲ ತೋರಿಸ್ದೆ ಕಣಯ್ಯ. ಡಾಕ್ಟರು ಪೂರ್ತಿ ಸರಿ ಇದೆ ಅಂತಾರೆ."

"ಒಳ್ಳೇದಾಯ್ತಲ್ಲ ಸಾರ್."

"ಏನು ಒಳ್ಳೇದು? ಕಣ್ಣು ಸರಿ ಇದ್ರೆ ಕೆಟ್ಟಿರೋದು ತಲೆ ಅಂತ ಆಯ್ತಲ್ಲ. ನಮ್ಮಪ್ಪನಿಗೂ ಕೊನೇಲಿ ಹಾಗೇ ಆಗಿತ್ತು. ನಮ್ಮನ್ನೇ ಗುರುತು ಹಿಡೀತಿರಲಿಲ್ಲ."

ಟೇಪು ನನ್ನ ಕೈಯಲ್ಲಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದು ಸಾಧ್ಯವಿರಲಿಲ್ಲ. "ಸಾರ್" ಎಂದೆ. "ಏನು?" ಎಂದರು. "ಎರಡು ಇಂಚು ಹಿಡಿದರೆ ಸಾಕಾ?" ಎಂದೆ.

ಅದಾದ ಮೇಲೆ ನಾನೇ ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಅವರು ಒಬ್ಬರೇ ಬೆಳಗಿನ ಹೊತ್ತು ರಸ್ತೆಯ ಅಂಚಿನಲ್ಲಿ ನಿಧಾನವಾಗಿ ಹೋಗುವುದು ಕಂಡರೆ ಮಿಷನ್ ಮೇಲೆ ಬಗ್ಗಿ ಕೂರುತ್ತಿದ್ದೆ.

ಹನ್ನೊಂದರ ಕಾರ್ಯವೆಲ್ಲ ಮುಗಿದ ಮೇಲೆ ಅವರ ಪತ್ನಿ ಹೇಳಿಕಳಿಸಿದರು. ವಿಮಾನದ ಸಾಮಾನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದರು. "ನಿಮಗೇ ಕೊಡಬೇಕು ಅಂತ ಆಗಾಗ ಹೇಳ್ತಿದ್ರು. ಟೈಲರ್ ಕೈ ಶುದ್ಧ, ಅವನು ಹಾರಿಸಲಿ ಅಂತ" ಎಂದರು. ಆ ಮಾತು ಕೇಳಿದ ಮೇಲೆ ಪೆಟ್ಟಿಗೆ ಮುಟ್ಟಲು ಆಗಲಿಲ್ಲ. ಅವರೆದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಇಸ್ತ್ರಿ, ಭಾವಮೈದ, ಎಂಟು ಹಲ್ಲು, ಬೆನ್ನು ಮಾಡಿ ನಡೆದದ್ದು. ಅಂಗಡಿಯಲ್ಲಿ ಟೇಪು ಹಿಡಿದು ಸುಮ್ಮನಿದ್ದದ್ದನ್ನೂ ಹೇಳಿದೆ. ಎಲ್ಲ ಹೇಳಿ ಮುಗಿಸಿದಾಗ, ನಾಚಿಕೆಯಿಲ್ಲದೆ ಬರೆಯುತ್ತೇನೆ, ಎದೆ ಹಗುರವಾಯಿತು. ಬೈಯಲಿ ಎಂದು ಕಾದೆ. ಒಂದು ಪಕ್ಷ ಕ್ಷಮಿಸಿಬಿಡುತ್ತಾರೇನೋ ಎಂದೂ ಕಾದೆ.

ಅವರು ಎರಡನ್ನೂ ಮಾಡಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮುಚ್ಚಿದರು. ಆಮೇಲೆ ಕೇಳಿದರು, "ಹಾಗಾದ್ರೆ ಅವರಿಗೆ ಕಾಣ್ತಿತ್ತಾ?"

"ಕಾಣ್ತಿತ್ತಮ್ಮ."

"ತಲೇನೂ ಸರಿಯಾಗಿತ್ತಾ?"

"ಸರಿಯಾಗೇ ಇತ್ತು."

"ಸ್ಕೂಟರ್ ಅವರಾಗಿ ಬಿಡಲಿಲ್ಲ ಟೈಲರ್ರೇ. ನಾನು ಬಿಡಿಸಿದ್ದು. ಕೀ ಅಕ್ಕಿ ಡಬ್ಬಿಯೊಳಗೆ ಹಾಕಿಟ್ಟೆ. ಒಂದು ವಾರ ಹುಡುಕಿದ್ರು. 'ನಿಮಗೆ ಇಟ್ಟಿದ್ದೂ ನೆನಪಿರಲ್ಲ' ಅಂತ ನಾನೇ ಅವರಿಗೆ ಅಂದೆ. ಆಮೇಲೆ ಹುಡುಕೋದು ಬಿಟ್ರು."

ಅವರು ಸೆರಗನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು.

"ಕಾಫಿ ಲೋಟ ಹಿಡಿಯೋಕೆ ಹೋದ್ರೂ ಎರಡು ಕೈಯಲ್ಲಿ ಹಿಡ್ಕೊಳ್ಳಿ ಅಂತಿದ್ದೆ. ರಸ್ತೇಲಿ ನಾನೇ ಅವರ ಕೈ ಎಳೆದು ನನ್ನ ತೋಳಿಗೆ ಹಾಕ್ಕೋತಿದ್ದೆ. ಜನ ಬಂದಾಗ ಅವರೇನಾದ್ರೂ ಹೇಳೋಕೆ ಬಾಯಿ ತೆಗೆದ್ರೆ, ಅವರಿಗೆ ಈಗ ಮರೆವು ಅಂತ ನಾನೇ ಮೊದಲು ಹೇಳಿಬಿಡ್ತಿದ್ದೆ. ಎರಡು ವರ್ಷ. ಅವರು ಒಂದು ದಿನಾನೂ ಇಲ್ಲ ಅನ್ನಲಿಲ್ಲ."

"ನಿಮ್ದೇನೂ ತಪ್ಪಿಲ್ಲಮ್ಮ, ತಪ್ಪೆಲ್ಲ ನಂದು" ಎಂದೆ.

ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನೀವು ನನ್ನ ಹತ್ರ ಬಂದು ಹೇಳ್ಕೊಂಡ್ರಿ. ನಾನು ಈಗ ಯಾರ ಹತ್ರ ಹೋಗಿ ಹೇಳ್ಕೊಳ್ಳಲಿ?"